ಹಳೆಯ ಲ್ಯಾಪ್‌ಟಾಪೂ ನಿಸ್ತಂತು ಸಂಪರ್ಕವೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳಿಂದ)

ಕಲಾವಿಭಾಗದ ವಿದ್ಯಾರ್ಥಿಗಳಾದ ನಮ್ಮಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಯಂತ್ರದ ವಿಷಯವೆಲ್ಲ ವಿಜ್ಞಾನದವರಿಗೆ ಸೇರಿದುದು, ನಾವು ಚರಿತ್ರೆಯನ್ನೂ ಅರ್ಥಶಾಸ್ತ್ರವನ್ನೂ ಕಾವ್ಯವನ್ನೂ ಓದಿಕೊಂಡರೆ ಸಾಕು ಎಂಬುದೇ ಆ ನಂಬಿಕೆ. ಆದರೆ ಇಂದು ಚರಿತ್ರೆಯ ವಿದ್ಯಾರ್ಥಿಗೂ ಯಂತ್ರದ ನೆರವಿಲ್ಲದೆ ದಿನ ಸಾಗದು. ಕಾಲೇಜಿನ ಪ್ರವೇಶ, ಪರೀಕ್ಷೆಯ ಅರ್ಜಿ ಮೊದಲಾದವು ಯು.ಯು.ಸಿ.ಎಂ.ಎಸ್. ಎಂಬ ಜಾಲತಾಣದ ಮೂಲಕ ನಡೆಯುತ್ತವೆ. ವಿದ್ಯಾರ್ಥಿವೇತನದ ಅರ್ಜಿಯನ್ನು ಸರ್ಕಾರದ ಎಸ್.ಎಸ್.ಪಿ. ತಾಣದಲ್ಲಿ ತುಂಬಬೇಕು. ಇವಕ್ಕೆಲ್ಲ ಕೊನೆಯ ದಿನಾಂಕವೊಂದು ಇರುತ್ತದೆ. ಆ ದಿನಾಂಕವು ಯಾರ ಯಂತ್ರವು ಕೆಟ್ಟಿತೆಂದು ಕಾದು ನಿಲ್ಲುವುದಿಲ್ಲ.

ನಮ್ಮಂಥ ಕಾಲೇಜಿನಲ್ಲಿ ಹೊಸ ಲ್ಯಾಪ್‌ಟಾಪು ಉಳ್ಳವರು ವಿರಳ. ಅಣ್ಣನು ಬಳಸಿ ತಂಗಿಗೆ ಕೊಟ್ಟುದು, ಪೇಟೆಯಲ್ಲಿ ಎರಡನೆಯ ಕೈಯಿಂದ ಕೊಂಡುದು, ಸರ್ಕಾರವು ಹಿಂದಿನ ವರ್ಷಗಳಲ್ಲಿ ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚಿದುದು, ಹೀಗೆ ಬಹುಮಟ್ಟಿಗೆ ಎಲ್ಲವೂ ವಯಸ್ಸಾದ ಯಂತ್ರಗಳೇ. ಇಂಥ ಯಂತ್ರವು ಒಂದು ದಿನ ವೈಫೈ ಹಿಡಿಯದೆ ಹೋದರೆ, "ಇದರ ಆಯುಸ್ಸು ಮುಗಿಯಿತು" ಎಂದು ಅದನ್ನು ಬೀರುವಿನ ಮೇಲೆ ಇಟ್ಟುಬಿಡುವುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಆ ತೀರ್ಪು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೂ, ದೋಷವನ್ನು ಕ್ರಮವಾಗಿ ಹುಡುಕುವ ದಾರಿಯನ್ನು ತೋರಿಸುವುದೂ ಪ್ರಕೃತ ಲೇಖನದ ಉದ್ದೇಶ.

ನಿಸ್ತಂತುವಿನ ಸ್ವರೂಪ

ತಂತಿಯಿಲ್ಲದೆ ಸುದ್ದಿ ಕಳುಹಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಪ್ರಯತ್ನದಿಂದ ಮೈಸೂರಿನಲ್ಲೊಂದು ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. 'ಆಕಾಶವಾಣಿ' ಎಂಬ ಹೆಸರು ಮೊದಲು ನಿಂತುದು ಆ ಕೇಂದ್ರಕ್ಕೆ. ಅವರು ಮನಸ್ಸಿನ ಶಾಸ್ತ್ರವನ್ನು ಬೋಧಿಸುತ್ತಿದ್ದವರು ಎಂಬುದನ್ನು ಕಲಾವಿಭಾಗದ ಮಿತ್ರರು ಗಮನಿಸಬೇಕು.

ಬಾನುಲಿಯಂತೆಯೇ ವೈಫೈ ಸಹ ವಿದ್ಯುತ್ಕಾಂತ ತರಂಗಗಳಿಂದಲೇ ನಡೆಯುತ್ತದೆ. ಇದರ ಮೊದಲ ಅಂತರರಾಷ್ಟ್ರೀಯ ಮಾನಕ 1997ರಲ್ಲಿ ಹೊರಬಂದಿತು. ಆಗಿನ ವೇಗ ಸೆಕೆಂಡಿಗೆ 20 ಲಕ್ಷ ಬಿಟ್ ಮಾತ್ರ. 1999ರಲ್ಲಿ 'ಬಿ' ಎಂಬ ಮಾನಕವೂ, 2003ರಲ್ಲಿ 'ಜಿ', 2009ರಲ್ಲಿ 'ಎನ್', 2013ರಲ್ಲಿ 'ಎಸಿ' ಎಂಬ ಮಾನಕಗಳೂ ಬಂದವು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿಲ್ಲದೆ ಬಳಸಲು ಸರ್ಕಾರವು 2005ರಲ್ಲಿ ಅನುಮತಿ ನೀಡಿತು. ಇಂದು ಮನೆಗಳಲ್ಲಿ ಮುಖ್ಯವಾಗಿ ಎರಡು ಪಟ್ಟಿಗಳು ಬಳಕೆಯಲ್ಲಿವೆ. 2.4 ಗಿಗಾಹರ್ಟ್ಸಿನ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರು, 5 ಗಿಗಾಹರ್ಟ್ಸಿನದು ಅದರ ಅರ್ಧಕ್ಕಿಂತಲೂ ಕಡಿಮೆ. ಮೊದಲನೆಯದು ಗೋಡೆಗಳನ್ನು ಹಾಯ್ದು ದೂರ ಹೋಗುತ್ತದೆ, ಆದರೆ ನಿಧಾನ. ಎರಡನೆಯದು ವೇಗ, ಆದರೆ ಬೇಗ ಕ್ಷೀಣಿಸುತ್ತದೆ. ಈ ಎರಡರ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ಬಹಳ ಪ್ರಯೋಜನಕ್ಕೆ ಬರುತ್ತದೆ.

ಕಾಲುವೆಯ ಹೋಲಿಕೆ

ಬಯಲುಸೀಮೆಯವರಾದ ನಮಗೆ ಕೆರೆಯ ನೀರಿನ ಕ್ರಮ ಗೊತ್ತಿದೆ. ಕೆರೆಯಿಂದ ತೂಬಿಗೆ, ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಮಡೆಗೆ, ಮಡೆಯಿಂದ ಗದ್ದೆಗೆ ನೀರು ಬರುತ್ತದೆ. ಯಾರ ಸರದಿ ಯಾವಾಗ ಎಂಬುದನ್ನು ನೀರುಗಂಟಿಯು ನೋಡಿಕೊಳ್ಳುತ್ತಾನೆ. ಗದ್ದೆ ಒಣಗಿದರೆ ಅದಕ್ಕೆ ಕಾರಣವು ಈ ದಾರಿಯ ಯಾವುದಾದರೂ ಒಂದು ಸ್ಥಳದಲ್ಲಿರುತ್ತದೆ.

ಅಂತರ್ಜಾಲವೂ ಹೀಗೆಯೇ. ಲ್ಯಾಪ್‌ಟಾಪಿನೊಳಗಿರುವ ಚಿಕ್ಕ ರೇಡಿಯೋ ಕಾರ್ಡು ನಮ್ಮ ಮಡೆ. ನಡುವಿನ ಗಾಳಿಯೇ ಕಾಲುವೆ. ರೌಟರು ನೀರುಗಂಟಿ, ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸವನ್ನು ಕೊಟ್ಟು ಸರದಿಯನ್ನು ಹಂಚುವವನು ಅವನು. ರೌಟರಿನಿಂದ ಹೊರಗೆ ಹೋಗುವ ಕಂಪನಿಯ ತಂತಿಯೇ ತೂಬು. ಅದರಾಚೆಗೆ ಇರುವುದು ಕೆರೆ. 'ವೈಫೈ ಕೆಟ್ಟಿದೆ' ಎಂಬ ಒಂದೇ ಮಾತಿನಲ್ಲಿ ನಾವು ಈ ಐದು ಸ್ಥಳಗಳನ್ನೂ ಸೇರಿಸಿಬಿಡುತ್ತೇವೆ. ಆದುದರಿಂದಲೇ ಮದ್ದು ಸಿಕ್ಕುವುದಿಲ್ಲ.

ಹುಡುಕುವವರು ಎರಡು ನಿಯಮಗಳನ್ನು ಪಾಲಿಸಬೇಕು. ಒಂದು, ಗದ್ದೆಯಿಂದ ಮೇಲಕ್ಕೆ ಕ್ರಮವಾಗಿ ನಡೆಯುವುದು, ಮಧ್ಯೆ ಹಾರಬಾರದು. ಎರಡು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಫಲವನ್ನು ಬರೆದಿಟ್ಟುಕೊಳ್ಳುವುದು. ನಾಲ್ಕು ಗುಂಡಿಗಳನ್ನು ಒಮ್ಮೆಗೇ ಒತ್ತಿದವನಿಗೆ ಯಂತ್ರವು ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಮರುದಿನ ಅದೇ ತೊಂದರೆ ಬಂದರೆ ಅವನು ಮತ್ತೆ ಮೊದಲಿನ ಸ್ಥಿತಿಯಲ್ಲಿಯೇ ಇರುತ್ತಾನೆ.

ಎರಡು ಮೊದಲ ಪರೀಕ್ಷೆಗಳು

ಲ್ಯಾಪ್‌ಟಾಪನ್ನು ಮುಟ್ಟುವುದಕ್ಕೆ ಮುಂಚೆ, ಅದೇ ವೈಫೈಗೆ ಒಂದು ಫೋನನ್ನು ಸೇರಿಸಿ ನೋಡಬೇಕು. ಆಗ ಫೋನಿನ ಮೊಬೈಲ್ ಡೇಟಾವನ್ನು ನಿಲ್ಲಿಸಿರಬೇಕು; ಇಲ್ಲವಾದರೆ ಫೋನು ತನ್ನ ಸ್ವಂತ ದಾರಿಯಿಂದ ಅಂತರ್ಜಾಲವನ್ನು ತಂದು ನಮ್ಮನ್ನು ಮೋಸಗೊಳಿಸುತ್ತದೆ. ಫೋನಿಗೂ ಸಂಪರ್ಕ ದೊರೆಯದಿದ್ದರೆ ದೋಷವು ರೌಟರಿನಲ್ಲಿಯೋ ಅದರಾಚೆಗೋ ಇದೆ. ಆಗ ಲ್ಯಾಪ್‌ಟಾಪನ್ನು ಬಿಚ್ಚುವುದು ವ್ಯರ್ಥ.

ಫೋನಿಗೆ ದೊರೆತು ಲ್ಯಾಪ್‌ಟಾಪಿಗೆ ದೊರೆಯದಿದ್ದರೆ ಎರಡನೆಯ ಪರೀಕ್ಷೆ. ಲ್ಯಾಪ್‌ಟಾಪನ್ನು ಬೇರೊಂದು ವೈಫೈ ಇರುವಲ್ಲಿಗೆ ಕೊಂಡೊಯ್ಯಬೇಕು. ಎಲ್ಲಿಯೂ ಹಿಡಿಯದಿದ್ದರೆ ದೋಷ ಲ್ಯಾಪ್‌ಟಾಪಿನದು. ಅಲ್ಲಿ ಹಿಡಿದು ಇಲ್ಲಿ ಹಿಡಿಯದಿದ್ದರೆ ಯಂತ್ರವು ಸತ್ತಿಲ್ಲ. ಈ ರೌಟರಿಗೂ ಅದಕ್ಕೂ ಮಾತು ಹೊಂದುತ್ತಿಲ್ಲ, ಅಷ್ಟೇ. ಈ ಎರಡು ಪರೀಕ್ಷೆಗಳಿಗೆ ಹತ್ತು ನಿಮಿಷವೂ ಹಿಡಿಯುವುದಿಲ್ಲ.

ಮಡೆಯ ಪರೀಕ್ಷೆ

ಮೊದಲು ರೇಡಿಯೋ ಎಚ್ಚರವಾಗಿದೆಯೇ ಎಂದು ನೋಡಬೇಕು. ಹಳೆಯ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಅಥವಾ ಮುಂಭಾಗದಲ್ಲಿ ವೈಫೈಯನ್ನು ಆರಿಸುವ ಒಂದು ಸಣ್ಣ ಸ್ವಿಚ್ಚು ಇರುವುದುಂಟು. ಚೀಲದಲ್ಲಿ ಇಟ್ಟು ತೆಗೆಯುವಾಗ ಅದು ತಾನಾಗಿಯೇ ಜಾರುತ್ತದೆ. ಕೆಲವದರಲ್ಲಿ 'ಎಫ್‌ಎನ್' ಕೀಲಿಯೊಡನೆ ಇನ್ನೊಂದು ಕೀಲಿಯನ್ನು ಒತ್ತಬೇಕು. ಏರೋಪ್ಲೇನ್ ಮೋಡ್ ಆರಿದೆಯೇ ಎಂಬುದನ್ನೂ ನೋಡಬೇಕು.

ಅನಂತರ ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ವಿಂಡೋಸ್ 8 ಮತ್ತು ಅದರ ಮುಂದಿನವುಗಳಲ್ಲಿ 'ಷಟ್ ಡೌನ್' ಮಾಡಿದರೆ ವ್ಯವಸ್ಥೆಯ ಒಂದು ಭಾಗವು ಡಿಸ್ಕಿನಲ್ಲಿ ಉಳಿದುಕೊಂಡು ಮರುದಿನ ಹಾಗೆಯೇ ಏಳುವುದುಂಟು. 'ರೀಸ್ಟಾರ್ಟ್' ಮಾಡಿದರೆ ಎಲ್ಲವೂ ಹೊಸದಾಗಿ ಪ್ರಾರಂಭವಾಗುತ್ತದೆ.

ಆ ಮೇಲೆ ಡಿವೈಸ್ ಮ್ಯಾನೇಜರನ್ನು ತೆರೆದು ನೆಟ್‌ವರ್ಕ್ ಅಡಾಪ್ಟರುಗಳ ಪಟ್ಟಿಯನ್ನು ನೋಡಬೇಕು. ಕಾರ್ಡಿನ ಹೆಸರೇ ಇಲ್ಲದಿದ್ದರೆ ಅದು ಸಡಿಲವಾಗಿರಬಹುದು ಅಥವಾ ಕೆಟ್ಟಿರಬಹುದು. ಹೆಸರಿನ ಮೇಲೆ ಹಳದಿ ಗುರುತಿದ್ದರೆ ದೋಷ ಬಹುಶಃ ಡ್ರೈವರಿನದು. ಡ್ರೈವರ್ ಎಂದರೆ ಕಾರ್ಡಿಗೂ ವಿಂಡೋಸಿಗೂ ನಡುವಿನ ದುಭಾಷಿ. ಅದನ್ನು ತೆಗೆದು ರೀಸ್ಟಾರ್ಟ್ ಮಾಡಿದರೆ ಅನೇಕ ಸಲ ಅದು ಮತ್ತೆ ಸರಿಯಾಗಿ ಬಂದು ಕೂರುತ್ತದೆ. ಆದರೆ ತೆಗೆಯುವ ಮುನ್ನ ಫೋನಿನ ಮೂಲಕ ತಯಾರಕರ ತಾಣದಿಂದ ಡ್ರೈವರನ್ನು ಇಳಿಸಿ ಕೈಯಲ್ಲಿಟ್ಟುಕೊಂಡಿರುವುದು ಕ್ಷೇಮ. ಸಂಪರ್ಕವು ಸ್ವಲ್ಪ ಹೊತ್ತು ಇದ್ದು ಆಮೇಲೆ ಕಡಿದುಹೋಗುತ್ತಿದ್ದರೆ, ಅದೇ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ತಿನ ಉಳಿತಾಯಕ್ಕಾಗಿ ಕಾರ್ಡನ್ನು ಆರಿಸುವ ಅನುಮತಿಯನ್ನು ತೆಗೆದುಹಾಕಬೇಕು.

ಇನ್ನೊಂದು ಲಕ್ಷಣ ಹಳೆಯ ಯಂತ್ರಗಳಿಗೇ ವಿಶೇಷವಾದುದು. ಲ್ಯಾಪ್‌ಟಾಪಿನ ಆಂಟೆನಾಗಳು ಸಾಮಾನ್ಯವಾಗಿ ತೆರೆಯ ಚೌಕಟ್ಟಿನೊಳಗೆ ಇರುತ್ತವೆ. ಅವುಗಳಿಂದ ಹೊರಟ ಸಣ್ಣ ತಂತಿಗಳು ಕೀಲಿನ ಮೂಲಕ ಹಾಯ್ದು ಕೆಳಗಿನ ಕಾರ್ಡಿಗೆ ಸೇರುತ್ತವೆ. ಸಾವಿರಾರು ಸಲ ತೆರೆದು ಮುಚ್ಚಿದ ಕೀಲಿನಲ್ಲಿ ಆ ತಂತಿಯು ಸವೆದು ತುಂಡಾಗಬಹುದು. ರೌಟರಿನ ಪಕ್ಕದಲ್ಲಿ ಕುಳಿತಾಗ ಮಾತ್ರ ಸಂಪರ್ಕ ದೊರೆತು ನಾಲ್ಕು ಹೆಜ್ಜೆ ದೂರದಲ್ಲಿ ಇಲ್ಲವಾದರೆ, ಅಥವಾ ತೆರೆಯನ್ನು ಬಾಗಿಸಿದಂತೆ ಸಂಜ್ಞೆ ಏರಿಳಿದರೆ ಈ ತಂತಿಯನ್ನು ಶಂಕಿಸಬೇಕು.

ಕಾಲುವೆಯ ಪರೀಕ್ಷೆ

ರೇಡಿಯೋ ಎಚ್ಚರವಾಗಿದ್ದು, ಅಕ್ಕಪಕ್ಕದ ವೈಫೈಗಳ ಹೆಸರು ಕಂಡು, ಬೇಕಾದ ಹೆಸರು ಮಾತ್ರ ಕಾಣದಿದ್ದರೆ ಪಟ್ಟಿಯ ಭೇದವನ್ನು ನೆನೆಯಬೇಕು. 2010ರ ಆಸುಪಾಸಿನ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸನ್ನು ಮಾತ್ರ ಬಲ್ಲವು. 5 ಗಿಗಾಹರ್ಟ್ಸಿನಲ್ಲಿ ಹೊರಡುವ ವೈಫೈ ಅವುಗಳ ಪಾಲಿಗೆ ಇಲ್ಲವೇ ಇಲ್ಲ. ಕಾರ್ಡಿನ ಹೆಸರಿನಲ್ಲಿ 'ಎಸಿ' ಎಂದಿದ್ದರೆ ಅದು 5 ಗಿಗಾಹರ್ಟ್ಸನ್ನೂ ಬಲ್ಲದೆಂದು ತಿಳಿಯಬಹುದು.

ಇದಕ್ಕೆ ನನ್ನ ಅನುಭವದಿಂದಲೇ ಒಂದು ನಿದರ್ಶನವನ್ನು ಕೊಡುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ಲ್ಯಾಪ್‌ಟಾಪು 2012ರಲ್ಲಿ ತಯಾರಾದುದು; ಬೆಂಗಳೂರಿನಲ್ಲಿ ಕಾರು ಓಡಿಸುವ ಸೋದರಮಾವನವರು ಎರಡನೆಯ ಕೈಯಿಂದ ಕೊಂಡು ಕೊಟ್ಟರು. ಹಳ್ಳಿಯ ಮನೆಯಲ್ಲಿ ಅಣ್ಣನ ಫೋನಿನ ಹಾಟ್‌ಸ್ಪಾಟಿನಿಂದ ಅದಕ್ಕೆ ಸಂಪರ್ಕ. ಅಣ್ಣನು ಹೊಸ ಫೋನನ್ನು ಕೊಂಡ ದಿನದಿಂದ ಆ ಸಂಪರ್ಕ ನಿಂತುಹೋಯಿತು. ವಿದ್ಯಾರ್ಥಿವೇತನದ ಅರ್ಜಿಗೆ ನಾಲ್ಕೇ ದಿನ ಉಳಿದಿತ್ತು. ಪರೀಕ್ಷೆಯ ಶುಲ್ಕವು ನನಗೆ ಆ ವೇತನದಿಂದಲೇ ಆಗಬೇಕು. ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದಾಗ, ವೈಫೈ ಕಾರ್ಡು ಸುಟ್ಟಿದೆ, ಮೂರು ಸಾವಿರ ರೂಪಾಯಿ ಆಗುತ್ತದೆ, ಇದಕ್ಕೆ ಹಣ ಹಾಕುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಮೇಲು ಎಂದರು. ಮನೆಗೆ ಬಂದು ಹೇಳಿದೆ. ತಂದೆಯವರು, "ನೀರು ಬರ್ಲಿಲ್ಲ ಅಂತ ಗದ್ದೇನೆ ಮಾರಕ್ಕಾಯ್ತದೇನವ್ವ? ಎಲ್ ಕಟ್ಕೊಂಡೈತೆ ಅಂತ ನೋಡ್ಬೇಕು" ಎಂದರು. ಮೇಲಿನ ಕಾಲುವೆಯ ಹೋಲಿಕೆ ನನಗೆ ದೊರೆತುದು ಈ ಮಾತಿನಿಂದಲೇ.

ಆ ರಾತ್ರಿ ಕ್ರಮವಾಗಿ ನೋಡಿದೆ. ಲ್ಯಾಪ್‌ಟಾಪಿಗೆ ಕಾಲೇಜಿನ ವೈಫೈ ಹಿಡಿಯುತ್ತಿತ್ತು. ಆದುದರಿಂದ ಕಾರ್ಡು ಸುಟ್ಟಿರಲಾರದು. ನೆರೆಮನೆಯ ಹಳೆಯ ಫೋನಿನ ಹಾಟ್‌ಸ್ಪಾಟು ಕಾಣುತ್ತಿತ್ತು. ಅಣ್ಣನ ಹೊಸ ಫೋನಿನದು ಮಾತ್ರ ಕಾಣುತ್ತಿರಲಿಲ್ಲ. ಹಾಗಾದರೆ ವ್ಯತ್ಯಾಸವೆಲ್ಲ ಎರಡು ಫೋನುಗಳ ನಡುವೆ. ಹೊಸ ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ 5 ಗಿಗಾಹರ್ಟ್ಸ್ ಎಂದಿತ್ತು. ಅದನ್ನು 2.4ಕ್ಕೆ ಬದಲಾಯಿಸಿದೊಡನೆ ಲ್ಯಾಪ್‌ಟಾಪಿನಲ್ಲಿ ಹೆಸರು ಮೂಡಿತು. ಮರುದಿನ ಬೆಳಿಗ್ಗೆ ಅರ್ಜಿಯನ್ನು ಸಲ್ಲಿಸಿದೆ. ಖರ್ಚಾದುದು ಒಂದು ಕಾಸೂ ಇಲ್ಲ. ಐಫೋನುಗಳಲ್ಲಿ ಇದೇ ಕೆಲಸಕ್ಕೆ 'ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ' ಎಂಬ ಆಯ್ಕೆ ಇದೆ.

ಹೆಸರು ಕಂಡರೂ ಸಂಜ್ಞೆ ಕ್ಷೀಣವಾಗಿದ್ದರೆ ನಡುವಣ ಅಡ್ಡಿಗಳನ್ನು ನೋಡಬೇಕು. ಕಬ್ಬಿಣದ ಬೀರು, ದಪ್ಪ ಕಲ್ಲಿನ ಗೋಡೆ, ನೀರಿನ ತೊಟ್ಟಿ ಇವು ಅಲೆಗಳನ್ನು ತಡೆಯುತ್ತವೆ. 2.4ರ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 13 ಚಾನೆಲುಗಳಿದ್ದರೂ ಅವು ಒಂದರ ಮೇಲೊಂದು ಹಬ್ಬಿಕೊಂಡಿವೆ. 1, 6, 11 ಈ ಮೂರು ಒಂದನ್ನೊಂದು ತಾಕದಂತೆ ನಡೆಯಬಲ್ಲವು. ಹಾಸ್ಟೆಲಿನ ಒಂದೇ ಸಾಲಿನಲ್ಲಿ ಹತ್ತು ಹಾಟ್‌ಸ್ಪಾಟುಗಳಿದ್ದರೆ ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದಂತೆ ಆಗುತ್ತದೆ. ಕೆಲವು ಹಳೆಯ ಕಾರ್ಡುಗಳಿಗೆ 12, 13ನೆಯ ಚಾನೆಲುಗಳು ಕಾಣುವುದೇ ಇಲ್ಲ. ಆದುದರಿಂದ ರೌಟರನ್ನು ಮೇಲೆ ಹೇಳಿದ ಮೂರರಲ್ಲಿ ಒಂದಕ್ಕೆ ನಿಲ್ಲಿಸುವುದು ಲೇಸು.

ನೀರುಗಂಟಿಯ ಪರೀಕ್ಷೆ

ಹೆಸರು ಕಂಡು, ಸರಿಯಾದ ಗುಪ್ತಪದವನ್ನು ಕೊಟ್ಟರೂ ರೌಟರು ಒಪ್ಪದಿದ್ದರೆ ಮೊದಲು ಲ್ಯಾಪ್‌ಟಾಪಿನಲ್ಲಿ ಆ ಹೆಸರನ್ನು 'ಫರ್ಗೆಟ್' ಮಾಡಿ ಹೊಸದಾಗಿ ಸೇರಬೇಕು. ಆಗಲೂ ಆಗದಿದ್ದರೆ ಬೀಗದ ಜಾತಿಯನ್ನು ನೋಡಬೇಕು. 2004ರ ಡಬ್ಲ್ಯೂಪಿಎ2 ಎಂಬ ಬೀಗವನ್ನು ಹಳೆಯ ಲ್ಯಾಪ್‌ಟಾಪುಗಳು ಬಲ್ಲವು. 2018ರಲ್ಲಿ ಬಂದ ಡಬ್ಲ್ಯೂಪಿಎ3 ಎಂಬುದನ್ನು ಅನೇಕವು ಅರಿಯವು. ರೌಟರಿನಲ್ಲಿ ಎರಡನ್ನೂ ಒಪ್ಪುವ ಮಿಶ್ರ ಕ್ರಮವಿದ್ದರೆ ಅದನ್ನು ಆರಿಸಬೇಕು. ತೊಂದರೆ ತಪ್ಪಲೆಂದು ಬೀಗವನ್ನೇ ತೆಗೆದುಹಾಕುವುದು ಬಾಗಿಲು ತೆಗೆದಿಟ್ಟು ಊರಿಗೆ ಹೋದಂತೆ.

ಸೇರಿದ ಮೇಲೂ ಪುಟ ತೆರೆಯದಿದ್ದರೆ ವಿಳಾಸವನ್ನು ನೋಡಬೇಕು. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ 'ಐಪಿಕಾನ್ಫಿಗ್' ಎಂಬ ಆಜ್ಞೆಯನ್ನು ಕೊಟ್ಟರೆ ಯಂತ್ರದ ವಿಳಾಸ ಕಾಣುತ್ತದೆ. ಅದು 169.254 ಎಂದು ಪ್ರಾರಂಭವಾಗಿದ್ದರೆ ನೀರುಗಂಟಿಯು ನಮಗೆ ಸರದಿಯನ್ನೇ ಕೊಟ್ಟಿಲ್ಲ, ಯಂತ್ರವು ತಾನೇ ಒಂದು ವಿಳಾಸವನ್ನು ಇಟ್ಟುಕೊಂಡಿದೆ ಎಂದರ್ಥ. ರೌಟರನ್ನು ಆರಿಸಿ ಅರ್ಧ ನಿಮಿಷದ ಮೇಲೆ ಹಾಕಬೇಕು. ಸೇರಿರುವ ಯಂತ್ರಗಳ ಸಂಖ್ಯೆಯು ಮಿತಿಯನ್ನು ಮೀರಿದ್ದರೆ ಕೆಲವನ್ನು ಬಿಡಿಸಬೇಕು. ಲ್ಯಾಪ್‌ಟಾಪಿನಲ್ಲಿ ಹಿಂದಿನ ಒಡೆಯರು ಯಾವುದೋ ಸ್ಥಿರ ವಿಳಾಸವನ್ನು ಬರೆದಿಟ್ಟಿದ್ದರೆ ಅದನ್ನು ಅಳಿಸಿ ತಾನಾಗಿ ಪಡೆಯುವ ಕ್ರಮಕ್ಕೆ ತರಬೇಕು.

ತೂಬು ಮತ್ತು ಕೆರೆ

ವಿಳಾಸವೂ ಸರಿಯಾಗಿದ್ದರೆ 'ಪಿಂಗ್' ಎಂಬ ಆಜ್ಞೆಯಿಂದ ಮೂರು ಸಲ ಕೂಗಿ ನೋಡಬೇಕು. ಮೊದಲು ರೌಟರಿನ ವಿಳಾಸವನ್ನು. ಇದು 'ಡಿಫಾಲ್ಟ್ ಗೇಟ್‌ವೇ' ಎಂಬಲ್ಲಿ ಕಾಣುತ್ತದೆ. ಆಮೇಲೆ ಹೊರಗಿನ 8.8.8.8 ಎಂಬ ವಿಳಾಸವನ್ನು. ಕೊನೆಗೆ ಯಾವುದಾದರೂ ತಾಣವನ್ನು ಹೆಸರಿನಿಂದ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬಾರದಿದ್ದರೆ ದೋಷವು ಸಾಮಾನ್ಯವಾಗಿ ಕಂಪನಿಯ ತಂತಿಯಲ್ಲಿರುತ್ತದೆ. ಎರಡನೆಯದಕ್ಕೆ ಬಂದು ಹೆಸರಿಗೆ ಮಾತ್ರ ಬಾರದಿದ್ದರೆ ಹೆಸರನ್ನು ಅಂಕೆಯ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ಶಂಕಿಸಬೇಕು, ಅಲ್ಲಿ 8.8.8.8 ಅಥವಾ 1.1.1.1 ಎಂದು ಬರೆದರೆ ಬಹಳ ಸಲ ಸರಿಹೋಗುತ್ತದೆ. ಕಛೇರಿ, ಕಾಲೇಜುಗಳ ಜಾಲದಲ್ಲಿ ಪಿಂಗನ್ನು ತಡೆದಿರುವುದೂ ಉಂಟು. ಅಲ್ಲಿ ಮೊದಲು ಪ್ರವೇಶದ ಪುಟವು ತೆರೆದಿದೆಯೇ ಎಂದು ನೋಡಬೇಕು.

ಇಷ್ಟೆಲ್ಲ ಸರಿಯಿದ್ದೂ ತಾಣಗಳು 'ಸುರಕ್ಷಿತವಲ್ಲ' ಎಂದು ಬಾಗಿಲು ಹಾಕಿಕೊಂಡರೆ ಲ್ಯಾಪ್‌ಟಾಪಿನ ಗಡಿಯಾರವನ್ನು ನೋಡಬೇಕು. ತಾಣಗಳ ಗುರುತುಪತ್ರಗಳಿಗೆ ಒಂದು ಅವಧಿ ಇರುತ್ತದೆ. ಯಂತ್ರದ ತಾರೀಖು ಹತ್ತು ವರ್ಷ ಹಿಂದಿದ್ದರೆ ಆ ಪತ್ರಗಳೆಲ್ಲ ಅದಕ್ಕೆ ಸುಳ್ಳಾಗಿ ತೋರುತ್ತವೆ. ಗಡಿಯಾರವನ್ನು ನಡೆಸುವ ಬಟ್ಟಲುಗುಂಡಿಯಾಕಾರದ ಸಣ್ಣ ಕೋಶವು ಅನೇಕ ಲ್ಯಾಪ್‌ಟಾಪುಗಳಲ್ಲಿ ಸಿಆರ್2032 ಎಂಬ 3 ವೋಲ್ಟಿನದು. ಸಾಮಾನ್ಯ ಅಂಗಡಿಗಳಲ್ಲಿ ಅಗ್ಗವಾಗಿ ಸಿಕ್ಕುತ್ತದೆ. ಗಡಿಯಾರವೂ ಸರಿಯಿದ್ದರೆ ಅದು ನಿಜವಾಗಿಯೂ ಮುಪ್ಪಿನ ತೊಂದರೆ. ವಿಂಡೋಸ್ 7ಕ್ಕೆ ತಯಾರಕರ ಬೆಂಬಲವು 2020ರ ಜನವರಿಯಲ್ಲಿಯೂ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರಿನಲ್ಲಿಯೂ ಮುಗಿದವು. ಇಂಥವುಗಳಲ್ಲಿ ಬ್ಯಾಂಕಿನ ವ್ಯವಹಾರವನ್ನು ಮಾಡದಿರುವುದು ಒಳ್ಳೆಯದು. ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಅದರಲ್ಲಿ ವೈಫೈ ಹಿಡಿದರೆ ಕಾರ್ಡು ಆರೋಗ್ಯವಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾರ್ಡು ನಿಜವಾಗಿಯೂ ಸತ್ತಿದ್ದರೆ

ಆಗಲೂ ದಾರಿಗಳಿವೆ. ಫೋನನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಎಂಬುದನ್ನು ಹಾಕಿದರೆ ವೈಫೈಯ ಗೊಡವೆಯೇ ಇಲ್ಲದೆ ಸಂಪರ್ಕ ಬರುತ್ತದೆ. ಕೊನೆಯ ದಿನಾಂಕವು ಹತ್ತಿರವಿದ್ದಾಗ ಮೊದಲು ಇದನ್ನು ಮಾಡಿ ಅರ್ಜಿಯನ್ನು ಮುಗಿಸಬೇಕು. ಶೋಧನೆಯನ್ನು ಆಮೇಲೆ ನಡೆಸಬಹುದು. ರೌಟರಿದ್ದಲ್ಲಿ ಲ್ಯಾನ್ ತಂತಿಯೂ ಆಗುತ್ತದೆ. ಶಾಶ್ವತವಾಗಿ ಬೇಕೆಂದರೆ ಕೆಲವು ನೂರು ರೂಪಾಯಿಗಳಿಗೆ ಹೆಬ್ಬೆರಳಿನಷ್ಟು ಚಿಕ್ಕದಾದ ಯುಎಸ್‌ಬಿ ವೈಫೈ ಅಡಾಪ್ಟರು ದೊರೆಯುತ್ತದೆ.

ಇದನ್ನೆಲ್ಲ ಪರ್ಯಾಲೋಚಿಸಿದರೆ, 'ಹಳೆಯದು' ಎಂಬುದೂ 'ಕೆಟ್ಟುದು' ಎಂಬುದೂ ಬೇರೆಬೇರೆ ಮಾತುಗಳೆಂದು ಸ್ಪಷ್ಟವಾಗುತ್ತದೆ. ಮೊದಲನೆಯದು ಯಂತ್ರದ ವಯಸ್ಸು. ಎರಡನೆಯದನ್ನು ಪರೀಕ್ಷೆಯಿಂದಲೇ ನಿರ್ಣಯಿಸಬೇಕು. ಹಣವುಳ್ಳವರಿಗೆ ಈ ಭೇದವನ್ನು ಅರಿಯದಿದ್ದರೂ ನಡೆದೀತು. ನಮಗೆ ಹಾಗಲ್ಲ; ಒಂದು ತಪ್ಪು ತೀರ್ಪಿನಿಂದ ಒಂದು ವರ್ಷದ ವಿದ್ಯಾರ್ಥಿವೇತನವು ಕೈತಪ್ಪಬಹುದು. ಚರಿತ್ರೆಯ ತರಗತಿಯಲ್ಲಿ ನಮ್ಮ ಅಧ್ಯಾಪಕರು ಸಾಕ್ಷ್ಯವನ್ನು ತೂಗಿ ನೋಡದೆ ನಿರ್ಣಯಕ್ಕೆ ಬರಬಾರದೆಂದು ಕಲಿಸಿದ್ದಾರೆ. ಲ್ಯಾಪ್‌ಟಾಪಿನ ಎದುರಿಗೂ ಅದೇ ವಿದ್ಯೆ ಸಾಕು.

ಕೊನೆಯದಾಗಿ ನನ್ನದೊಂದು ಸೂಚನೆ. ನಮ್ಮ ಗ್ರಂಥಾಲಯದಲ್ಲಿ ಒಂದು ದಪ್ಪ ನೋಟ್‌ಬುಕ್ಕನ್ನು ಇಡುವಂತಾಗಲಿ. ಯಾರ ಯಂತ್ರಕ್ಕೆ ಯಾವ ತೊಂದರೆ ಬಂದಿತು, ಯಾವ ಪರೀಕ್ಷೆಯಲ್ಲಿ ಏನು ಕಂಡಿತು, ಯಾವುದರಿಂದ ಸರಿಹೋಯಿತು ಎಂಬುದನ್ನು ಅದರಲ್ಲಿ ಬರೆಯೋಣ. ನಾವು ಈ ವರ್ಷ ಕಾಲೇಜನ್ನು ಬಿಟ್ಟು ಹೋಗುವವರು. ನಮ್ಮ ಲ್ಯಾಪ್‌ಟಾಪುಗಳು ತಮ್ಮಂದಿರಿಗೂ ತಂಗಿಯರಿಗೂ ಹೋಗುತ್ತವೆ. ಅವುಗಳೊಡನೆ ಈ ತಿಳಿವಳಿಕೆಯೂ ಹೋಗಲಿ. ಈ ಲೇಖನದಲ್ಲಿ ಬಿಟ್ಟುಹೋದುದನ್ನು ಬಲ್ಲವರು ಆ ಪುಸ್ತಕದಲ್ಲಿ ತುಂಬಬೇಕೆಂದು ವಿನಂತಿಸಿ ವಿರಮಿಸುತ್ತೇನೆ.